ಮೋಲ್ಡಿನ ಲೆಕ್ಕ ನಮಗೂ ಗೊತ್ತಿರಲಿ

ಇಪ್ಪತ್ತು ಜನರ ಬಿರಿಯಾನಿಗೆ ಎಷ್ಟು ಅಕ್ಕಿ, ಎಷ್ಟು ಮಾಂಸ ಬೇಕೆಂದು ಕೇಳಿದರೆ ನಮ್ಮ ಹೆಂಗಸರು ತಡವರಿಸದೆ ಹೇಳುತ್ತಾರೆ. ಮನೆಯ ಮೋಲ್ಡಿಗೆ ಎಷ್ಟು ಮೂಟೆ ಸಿಮೆಂಟ್ ಬೇಕೆಂದರೆ ಮಾತ್ರ 'ಅದು ಗಂಡಸರ ವಿಷಯ' ಎಂದು ಸುಮ್ಮನಾಗುತ್ತಾರೆ. ಆದರೆ ಆ ಸಿಮೆಂಟಿಗೆ ಹೋಗುವ ಹಣದಲ್ಲಿ ನಾವು ಕೂಡಿಟ್ಟದ್ದೂ ಇರುತ್ತದೆ, ಮಾರಿದ ಒಡವೆಯ ಹಣವೂ ಇರುತ್ತದೆ.

ಮಾಕಳಿಯಲ್ಲಿ ನಮ್ಮ ನೆರೆಯ ಸಹೋದರಿಯೊಬ್ಬರು ಆರು ಚದರದ ಮನೆ ಕಟ್ಟಿಸುತ್ತಿದ್ದರು. ಪತಿ ಇರುವುದು ಗಲ್ಫ್‌ನಲ್ಲಿ. ಮೋಲ್ಡಿಗೆ 75 ಮೂಟೆ ಬೇಕೆಂದು ಮೇಸ್ತ್ರಿ ಹೇಳಿದ್ದರು. ಸಂಬಂಧಿಕರೊಬ್ಬರು, "58 ಸಾಕು, ಉಳಿದದ್ದು ಇನ್ನೊಬ್ಬರ ಮನೆಗೆ ಹೋಗುತ್ತದೆ" ಎಂದರು. ಮೇಸ್ತ್ರಿಯನ್ನೇ ಬಿಡಿಸುವ ಮಾತು ಬಂತು. ಆಕೆ ನಕ್ಷೆ ಹಿಡಿದು ಬಂದು, "ಆಪಾ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೀರಲ್ಲ, ಇದೊಂದು ನೋಡಿಕೊಡಿ" ಎಂದರು.

ಮದ್ರಸದಲ್ಲಿ ವಾರಸು ಪಾಲಿನ ಲೆಕ್ಕ ಕಲಿತವರಿಗೆ ಇದು ಕಷ್ಟವಲ್ಲ. ಎಂಟನೇ ಒಂದು, ಮೂರನೇ ಎರಡು ಎಂದು ಪಾಲು ಹಾಕಿದಂತೆಯೇ ಇಲ್ಲಿಯೂ. 9ನೇ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿ ತಮ್ಮ ಬೀಜಗಣಿತದ ಗ್ರಂಥದಲ್ಲಿ ವಾರಸಿನ ಲೆಕ್ಕವನ್ನೂ ಅಳತೆಯ ಲೆಕ್ಕವನ್ನೂ ಒಟ್ಟಿಗೇ ಸೇರಿಸಿದ್ದರು.

ತಾರಸಿ 30 ಅಡಿ ಉದ್ದ, 20 ಅಡಿ ಅಗಲ, 5 ಇಂಚು ದಪ್ಪ. 600ನ್ನು 5ರಿಂದ ಗುಣಿಸಿ 12ರಿಂದ ಭಾಗಿಸಿದರೆ 250 ಘನ ಅಡಿ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಒಟ್ಟು ಐದೂವರೆ ಪಾಲು. ಕಲಸಿದಾಗ ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟ್ ಸೇರಿ ಮಾಲು ಕುಗ್ಗುತ್ತದೆ. ಆದ್ದರಿಂದ 100 ಘನ ಅಡಿ ಕಾಂಕ್ರೀಟಿಗೆ ಸುಮಾರು 154 ಘನ ಅಡಿ ಒಣ ಮಾಲು ಬೇಕು. ಅದರಲ್ಲಿ ಸಿಮೆಂಟಿನ ಪಾಲು 28 ಘನ ಅಡಿ, ಅಂದರೆ 50 ಕಿಲೋದ ಸುಮಾರು 23 ಮೂಟೆ. ಹಾಗಾಗಿ 250 ಘನ ಅಡಿಗೆ 58 ಮೂಟೆ. ಸಂಬಂಧಿಕರ ಲೆಕ್ಕ ಇಲ್ಲಿಗೆ ನಿಂತಿತ್ತು.

ಆದರೆ ನಕ್ಷೆಯಲ್ಲಿ ತಾರಸಿಯ ಕೆಳಗೆ ಬೀಮುಗಳಿದ್ದವು. ಒಟ್ಟು 100 ಅಡಿ ಉದ್ದ, 9 ಇಂಚು ಅಗಲ, ತಾರಸಿಯಿಂದ ಕೆಳಕ್ಕೆ 10 ಇಂಚು. ಅದು 62 ಘನ ಅಡಿಗೂ ಸ್ವಲ್ಪ ಹೆಚ್ಚು. ಇನ್ನು 14 ಮೂಟೆ. ಬೀಮು, ತಾರಸಿ ಎರಡಕ್ಕೂ ಒಂದೇ ದಿನ ಕಾಂಕ್ರೀಟ್. ಒಟ್ಟು 72. ಚೆಲ್ಲುವುದಕ್ಕೆ, ಹಾಳಾಗುವುದಕ್ಕೆ ಮೂರು ಸೇರಿಸಿದರೆ 75. ಮೇಸ್ತ್ರಿ ಹೇಳಿದ್ದು ಅಷ್ಟೇ!

58 ಮೂಟೆ ಮಾತ್ರ ತರಿಸಿದ್ದರೆ ಕೆಲಸ ಅರ್ಧದಲ್ಲಿ ನಿಲ್ಲುತ್ತಿತ್ತು. ಹಾಕಿದ ಕಾಂಕ್ರೀಟ್ ಗಟ್ಟಿಯಾದ ಮೇಲೆ ಹೊಸದನ್ನು ಸೇರಿಸಿದರೆ ಆ ಬೆಸುಗೆ ದುರ್ಬಲವಾಗಿರುತ್ತದೆ, ಮಳೆಗಾಲದಲ್ಲಿ ನೀರು ಸೋರುವುದೂ ಅಲ್ಲಿಂದಲೇ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಬೆವರು ಸುರಿಸಿ ದುಡಿಯುವ ಒಬ್ಬ ಪ್ರಾಮಾಣಿಕ ಮನುಷ್ಯ ಕಳ್ಳನೆನಿಸಿಕೊಂಡು ಊರಲ್ಲಿ ತಲೆ ತಗ್ಗಿಸಬೇಕಾಗುತ್ತಿತ್ತು.

ಅಳತೆಯಲ್ಲಿ ಮೋಸ ಮಾಡುವುದನ್ನು ನಮ್ಮ ಧರ್ಮ ಕಠಿಣವಾಗಿ ಖಂಡಿಸಿದೆ. ಅಳೆಯದೆ ಸಂಶಯಪಡುವುದನ್ನೂ ಅದು ಮೆಚ್ಚುವುದಿಲ್ಲ. ಲೆಕ್ಕ ಗೊತ್ತಿದ್ದರೆ ಮೋಸಗಾರ ಸಿಕ್ಕಿಬೀಳುತ್ತಾನೆ, ನಿಷ್ಪಾಪಿ ಉಳಿಯುತ್ತಾನೆ.

ಸಹೋದರಿಯರೇ, ದಪ್ಪ ಎಷ್ಟು, ಕಂಬಿ ಎಷ್ಟು ಎಂಬುದನ್ನು ಎಂಜಿನಿಯರ್ ನಿರ್ಧರಿಸಲಿ. ಆದರೆ ನಕ್ಷೆಯ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಬೀಮು, ತಾರಸಿಗಳ ಲೆಕ್ಕವನ್ನು ಬೇರೆ ಬೇರೆ ಬರೆದುಕೊಳ್ಳಿ. ಮೋಲ್ಡ್ ಹಾಕುವ ದಿನ ಖಾಲಿ ಚೀಲಗಳನ್ನು ಎಣಿಸಿ. ಆಮೇಲೆ ಕನಿಷ್ಠ ಏಳು ದಿನ, ಬಿಸಿಲು ಜೋರಿದ್ದರೆ ಹತ್ತು ದಿನ, ತಾರಸಿ ಒಣಗದಂತೆ ನೀರು ನಿಲ್ಲಿಸಿ. ಹೆಣ್ಣುಮಕ್ಕಳಿಗೂ ಈ ಲೆಕ್ಕ ಕಲಿಸಿ. ನಾಳೆ ಅವರೂ ಮನೆ ಕಟ್ಟಿಸುವವರೇ.