ಅವಳ ಮಾತು ಅವಳ ನುಡಿಯಲ್ಲೇ

ಜನಜೀವನವನ್ನು ದಾಖಲಿಸುವ ಸಾಕ್ಷ್ಯಚಿತ್ರವೆಂದೊಡನೆ ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ (1922) ನೆನಪಾಗುತ್ತದೆ. ಒಳಗೆ ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧವೇ ಕಟ್ಟಿಸಿ, ಅದರಲ್ಲಿ ಕುಟುಂಬವನ್ನು ಮಲಗಿಸಿ ಆತ ಚಿತ್ರಿಸಿದ. ಕೋವಿಯ ಕಾಲದ ಬೇಟೆಗಾರನ ಕೈಗೆ ಈಟಿ ಬಂತು. ಅಲ್ಲಾಕಾರಿಯಲ್ಲಕ್ ಎಂಬ ಅವನ ಹೆಸರೂ ಬದಲಾಯಿತು. ಮೂಕಿಚಿತ್ರವಾದ್ದರಿಂದ ಅವನಿಗೆ ಮಾತಿಲ್ಲ ಎನ್ನೋಣ. ಆದರೆ ಚಿತ್ರಗಳಿಗೆ ಮಾತು ಬಂದ ಮೇಲೂ ಬಹುಕಾಲ ಮಾತನಾಡಿದವನು ನಿರೂಪಕನೇ. ಡೇವಿಡ್ ಮತ್ತು ಜುಡಿತ್ ಮ್ಯಾಕ್‌ಡೂಗಲ್ ದಂಪತಿ 1968ರಲ್ಲಿ ಉಗಾಂಡದ ಜಿಯೆ ದನಗಾಹಿಗಳ ನಡುವೆ ತೆಗೆದ ‘ಟು ಲಿವ್ ವಿತ್ ಹರ್ಡ್ಸ್’ನಲ್ಲಿ ಆ ಜನ ತಮ್ಮ ನುಡಿಯಲ್ಲೇ ಮಾತನಾಡುತ್ತಾರೆ, ಅರ್ಥವು ಪರದೆಯ ಕೆಳಗೆ ಅಕ್ಷರವಾಗಿ ಬರುತ್ತದೆ. ಇಂದು ತೀರ ಸಾಮಾನ್ಯವೆನಿಸುವ ಈ ಕ್ರಮ ಅಂದು ಸಣ್ಣ ಸಂಗತಿಯಾಗಿರಲಿಲ್ಲ.

ಇದೆಲ್ಲ ನನಗೆ ಪುಸ್ತಕದ ವಿಷಯವಾಗಿ ಉಳಿಯದಿರಲು ಕಾರಣ ನಾನಿರುವ ಪರ್ವರಿ. ಗೋವಾ ವಿಧಾನಸಭೆಯ ಭವನವಿರುವ ಈ ಊರಿನಲ್ಲಿ ಹೊಸ ಕಟ್ಟಡಗಳು ಏಳುತ್ತಲೇ ಇವೆ. ಗಾರೆ ಹೊರುವವರ ನಡುವೆ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ವಿಜಯಪುರದ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳ ದುಡಿಮೆಯನ್ನು, ಅವಳ ಒಪ್ಪಿಗೆ ಪಡೆದು, ಮೊಬೈಲಿನಲ್ಲೇ ಚಿತ್ರಿಸತೊಡಗಿದೆ. ಮೂರನೆಯ ದಿನ ಅವಳೊಂದು ಷರತ್ತು ಹಾಕಿದಳು: “ಈ ತಗಡಿನ ಶೆಡ್ ತೋರಿಸಬ್ಯಾಡ್ರಿ ಅಕ್ಕಾರ. ಊರಾಗ ನಮ್ಮವ್ವ ನೋಡಿದ್ರ ಕೂಳು ಉಣ್ಣಾಂಗಿಲ್ಲ.”

ಶೆಡ್ಡನ್ನು ಬಿಟ್ಟರೆ ಸತ್ಯದ ಅರ್ಧ ಭಾಗ ಹೋಯಿತು. ತೋರಿಸಿದರೆ ಅವಳ ತಾಯಿಯ ನೆಮ್ಮದಿ ಹೋಯಿತು. ಫ್ಲಾಹರ್ಟಿಯ ಅರ್ಧ ಮನೆ ನೆನಪಾದದ್ದು ಆಗ. ಅಲ್ಲಿ ಗೋಡೆ ತೆಗೆಸಿದವನು ಚಿತ್ರಕಾರ. ಇಲ್ಲಿ ಗೋಡೆ ಮುಚ್ಚಲು ಹೇಳುತ್ತಿರುವವಳು ಅಲ್ಲಿ ಬದುಕುತ್ತಿರುವವಳೇ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪಲಿಲ್ಲ. ಶೆಡ್ಡಿನ ದೃಶ್ಯಗಳನ್ನು ಅವಳೆದುರೇ ಅಳಿಸಿದೆ. ಮರಳು ಸಾಣಿಸುವ ಕೈಗಳು, ಬುಟ್ಟಿ, ತಲೆಯ ಸಿಂಬಿ ಉಳಿದವು.

ಉಳಿದ ಇನ್ನೊಂದು ಪ್ರಶ್ನೆ ನಮ್ಮ ವಿಭಾಗಕ್ಕೇ ಸೇರಿದ್ದು. ಮಿತ್ರರೊಬ್ಬರು, “ಆಕೆಯ ಮಾತನ್ನು ಕೆಳಗೆ ಶಿಷ್ಟ ಕನ್ನಡದಲ್ಲಿ ಕೊಡಿ” ಎಂದರು. ಕನ್ನಡವನ್ನು ಕನ್ನಡಿಗರಿಗೇ ಅನುವಾದಿಸುವುದೆ? ಅವಳು ಆಡಿದಂತೆಯೇ ಬರೆಯುತ್ತಿದ್ದೇನೆ. ಕಾಂಕ್ರೀಟ್ ಮಿಕ್ಸರಿನ ಸದ್ದಿನಲ್ಲಿ ಎರಡು ಮಾತು ಮಾತ್ರ ತಿಳಿಯುತ್ತಿಲ್ಲ. ಬರುವ ರಜೆಯ ದಿನ ಅವಳಿಗೇ ಕೇಳಿಸಿ ಬರೆದುಕೊಳ್ಳಬೇಕು.