ಸ್ಥಾಲೀಪುಲಾಕವೂ ಸುವರ್ಣಕಣವೂ

ಒಂದು ಅಗುಳನ್ನು ಹಿಚುಕಿ ನೋಡಿ ಪಾತ್ರೆಯ ಅನ್ನವೆಲ್ಲವೂ ಬೆಂದಿತೆಂದು ನಿಶ್ಚಯಿಸುವುದನ್ನು ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಜಂಗಮಕೋಟೆಯ ಸುತ್ತಣ ರೇಷ್ಮೆಯ ಮನೆಗಳಿಗೆ ಈ ನ್ಯಾಯವು ಹೊಸದಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಆ ರಸದ ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಗಂಟುರೋಗದ ಕಣಗಳು ಕಂಡರೆ ಮೊಟ್ಟೆಗಳನ್ನು ಸುಟ್ಟುಬಿಡುವ ಕ್ರಮವು, 1865ರಲ್ಲಿ ಫ್ರಾನ್ಸ್ ದೇಶದ ಆಲೆಸ್ ಎಂಬಲ್ಲಿಗೆ ಹೋಗಿ ಈ ರೋಗದ ಶೋಧನೆಗೆ ತೊಡಗಿದ ಪಾಸ್ತರ್ ಮಹಾಶಯನಿಂದ ಬಂದುದು. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ನಾಲ್ಕು ಪಾಲಿನಷ್ಟು ಆ ಕಣದ ಉದ್ದ.

ಈಗ ವಿಜ್ಞಾನಿಗಳು ಅರಸುತ್ತಿರುವ ಎಕ್ಸೋಸೋಮ್ ಅದಕ್ಕಿಂತಲೂ ಬಹಳ ಕಿರಿದು. 30ರಿಂದ 150 ನ್ಯಾನೋಮೀಟರ್ ಎಂದು ಗಣನೆ. ಜೀವಕೋಶವು ತನ್ನೊಳಗಿನ ಪ್ರೋಟೀನು ಮೊದಲಾದುವನ್ನು ಪುಟ್ಟ ಚೀಲದಲ್ಲಿ ಕಟ್ಟಿ ಹೊರಕ್ಕೆ ಬಿಡುವುದುಂಟಷ್ಟೆ, ಅದೇ ಇದು. 1983ರಲ್ಲಿ ಕೆಂಪು ರಕ್ತಕಣಗಳು ಬಲಿಯುವ ಬಗೆಯನ್ನು ಪರೀಕ್ಷಿಸುತ್ತಿದ್ದವರಿಗೆ ಇದು ಕಾಣಿಸಿದಾಗ, ಕೋಶವು ಗುಡಿಸಿ ಚೆಲ್ಲುವ ಕಸವೆಂದೇ ಎಣಿಕೆಯಾಯಿತು. ಕಸವನ್ನು ನೋಡಿ ಮನೆಯ ಅಡಿಗೆಯನ್ನು ಹೇಳಬಹುದೆಂಬುದು ನಮ್ಮ ಹೆಂಗಸರಿಗೆ ಎಂದಿನಿಂದಲೂ ಗೊತ್ತು! ಅರ್ಬುದ ಹಿಡಿದ ಕೋಶವು ಬಿಟ್ಟ ಚೀಲದಲ್ಲಿ ಅರ್ಬುದದ ಗುರುತೂ ಇರುತ್ತದೆ.

ಆದರೆ ನ್ಯಾಯವು ಇಲ್ಲಿ ತೊಡಕಿಗೆ ಸಿಕ್ಕುತ್ತದೆ. ರಕ್ತವು ಒಂದು ಪಾತ್ರೆಯಲ್ಲ. ಸಾವಿರ ಮನೆಗಳ ಅಗುಳು ಒಂದೇ ಕಾಲುವೆಯಲ್ಲಿ ಹರಿದುಬಂದಂತೆ. ಯಾವುದು ಯಾರ ಮನೆಯದು? ಭೂಮಿಯ ಆಕರ್ಷಣೆಗೆ ಲಕ್ಷಪಟ್ಟು ಬಲದಿಂದ ಗಂಟೆಗಟ್ಟಲೆ ತಿರುಗಿಸಿ ತಳಕ್ಕಿಳಿಸುವುದು ಹಳೆಯ ವಿಧಾನ. ಅದರಲ್ಲಿ ಬೇರೆ ಕಣಗಳೂ ಜೊತೆಗೂಡಿ ಇಳಿಯುತ್ತವೆ. ಹೊಸ ವಿಧಾನಗಳಲ್ಲೊಂದು ಚಿನ್ನದ್ದು. ಅತಿಸೂಕ್ಷ್ಮವಾದ ಚಿನ್ನದ ಕಣಗಳ ಮೇಲೆ ಪ್ರತಿಕಾಯಗಳನ್ನು ಕೂರಿಸುತ್ತಾರೆ. ಎಕ್ಸೋಸೋಮಿನ ಹೊರಮೈಯಲ್ಲಿರುವ ಸಿಡಿ 63 ಎಂಬ ಪ್ರೋಟೀನು ಅವಕ್ಕೆ ಅಂಟಿಕೊಂಡರೆ, ಚಿನ್ನವು ಹೀರುವ ಬೆಳಕಿನಲ್ಲಿ ಕೊಂಚ ವ್ಯತ್ಯಾಸವಾಗುತ್ತದೆ. ಅದನ್ನು ಯಂತ್ರವು ಅಳೆಯುತ್ತದೆ. ಇಷ್ಟು ಸಣ್ಣದಾದ ಚಿನ್ನವು ಹಳದಿಯಲ್ಲ, ನೀರಿನಲ್ಲಿ ಮಾಣಿಕ್ಯದಂತೆ ಕೆಂಪು. ಫ್ಯಾರಡೆಯು 1857ರಲ್ಲಿಯೇ ಇದನ್ನು ವಿವರಿಸಿದ್ದನು. ಇಂತಹ ಸೂಕ್ಷ್ಮವಸ್ತುಗಳ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಬೆಳೆಸಿದ ಸಿ. ಎನ್. ಆರ್. ರಾಯರ ಹೆಸರಿನ ಮೊದಲಕ್ಷರವು ‘ಚಿಂತಾಮಣಿ’ ಎಂಬುದು ಈ ಕಡೆಯವರಿಗೆ ಪ್ರಿಯವಾದ ಸಂಗತಿ.

ನಾನು ಇದನ್ನೆಲ್ಲ ಓದತೊಡಗಿದುದು ಕುತೂಹಲದಿಂದಲ್ಲ. ನನ್ನ ತಮ್ಮನ ಮೇದೋಜೀರಕಗ್ರಂಥಿಯಲ್ಲಿ ಅರ್ಬುದವಿದ್ದುದು ಕಾಮಾಲೆ ಕಾಣಿಸಿಕೊಂಡ ಮೇಲೆಯೇ ತಿಳಿದುದು, ಅವನು ಉಳಿಯಲಿಲ್ಲ. “ಭಾವನವರೇ, ರಕ್ತ ನೋಡಿ ಮುಂಚೆಯೇ ಹೇಳುವುದಕ್ಕಾಗುತ್ತಿರಲಿಲ್ಲವೆ?” ಎಂದು ಅವನ ಹೆಂಡತಿಯು ಕೇಳಿದಳು. ಇನ್ನೂ ಆಗದೆಂದೇ ಹೇಳಬೇಕಾಯಿತು. ಈ ಚಿನ್ನದ ಪರೀಕ್ಷೆಗಳು ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲಿಯೇ ಇವೆ. ಬೇರ್ಪಡಿಸುವ ವಿಧಾನ ಬದಲಾದರೆ ಸಿಕ್ಕುವ ಲೆಕ್ಕವೂ ಬದಲಾಗುತ್ತದೆ. ಆರೋಗ್ಯವಂತನ ರಕ್ತದಲ್ಲಿಯೂ ಎಕ್ಸೋಸೋಮುಗಳು ಅಸಂಖ್ಯವಾಗಿವೆ. ರೇಷ್ಮೆಯಲ್ಲಾದರೆ ಸಂಶಯ ಬಂದ ಮೊಟ್ಟೆಗಳನ್ನು ಸುಟ್ಟುಬಿಡಬಹುದು. ಮನುಷ್ಯನಲ್ಲಿ ಸುಳ್ಳು ಸಂಶಯವೂ ಶಸ್ತ್ರಚಿಕಿತ್ಸೆಯವರೆಗೆ ಎಳೆದೊಯ್ಯಬಲ್ಲುದು.