ಸಂಜೆಯಾದರೆ ಕಣ್ಣು ಮುಚ್ಚುವ ಕ್ಯಾಮೆರಾ

ಸಾಗರ ತಾಲ್ಲೂಕಿನ ಕಡೆ ಅಡಿಕೆ ಒಣಹಾಕುವ ಅಂಗಳಗಳಲ್ಲಿ ಈಗ ನಾಯಿ ಬೊಗಳುವ ಮೊದಲೇ ಕ್ಯಾಮೆರಾ ನಮ್ಮನ್ನು ನೋಡಿರುತ್ತದೆ. ಕ್ವಿಂಟಲಿಗೆ ಹತ್ತಾರು ಸಾವಿರ ಬಾಳುವ ಚಾಲಿ ಅಡಿಕೆ ತಿಂಗಳಿಗೂ ಹೆಚ್ಚು ಕಾಲ ಬಿಸಿಲಲ್ಲಿ ಬಿದ್ದಿರಬೇಕು. ಕಾಯಲು ಮನೆಯಲ್ಲಿ ಹುಡುಗರಿಲ್ಲ, ಎಲ್ಲ ಬೆಂಗಳೂರಲ್ಲಿ. ಹಾಗಾಗಿ ಕ್ಯಾಮೆರಾ ಬಂದದ್ದು ಅರ್ಥವಾಗುತ್ತದೆ. ಅರ್ಥವಾಗದ್ದು ಅದು ಕೆಡುವ ರೀತಿ.

*

ಒಂದು ಮನೆಯ ಕ್ಯಾಮೆರಾ ಹಗಲೆಲ್ಲ ನೆಟ್ಟಗಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಪರದೆ ಕಪ್ಪು, ಅರೆಗಳಿಗೆ ಚಿತ್ರ, ಮತ್ತೆ ಕಪ್ಪು. ಬೆಳಗಾದರೆ ತಾನಾಗಿಯೇ ಸರಿ. ಕಳ್ಳರ ಪಾಳಿ ನೋಡಿಕೊಂಡು ರಜೆ ಹಾಕುವ ಕಾವಲುಗಾರ. ಕ್ಯಾಮೆರಾ ಬದಲಿಸಿದರು, ಹೊಸದೂ ಅದೇ ಚಾಳಿ ಹಿಡಿಯಿತು. ದೃಶ್ಯ ಬರೆದಿಡುವ ಪೆಟ್ಟಿಗೆ, ಅಂದರೆ ಡಿವಿಆರ್, ಬದಲಿಸಬೇಕೇನೋ ಎಂಬ ಮಾತು ನಡೆದಿತ್ತು.

ತಪ್ಪು ಇದ್ದದ್ದು ತಂತಿಯಲ್ಲಿ. ಕತ್ತಲಾದೊಡನೆ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಎಳೆಯುವ ಕರೆಂಟು ದುಪ್ಪಟ್ಟಾಗುವುದೂ ಉಂಟು. ಜಗುಲಿಯಿಂದ ಅಂಗಳದ ತುದಿಗೆ 60 ಮೀಟರ್, ಹೋಗಿಬರುವ ಎಳೆ ಸೇರಿ 120. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಎಳೆಯಾದರೆ ಇಷ್ಟುದ್ದಕ್ಕೆ ಸುಮಾರು 10 ಓಮ್ ತಡೆ. ಹಗಲು 0.2 ಆಂಪಿಯರ್ ಹರಿದರೆ ದಾರಿಯಲ್ಲಿ 2 ವೋಲ್ಟ್ ನಷ್ಟ, ರಾತ್ರಿ 0.4 ಹರಿದರೆ 4. ಅಡಾಪ್ಟರ್‌ನಿಂದ 12 ಹೊರಟದ್ದು ಕ್ಯಾಮೆರಾ ಮುಟ್ಟುವಾಗ 8. ಕ್ಯಾಮೆರಾ ಆರುತ್ತದೆ, ಆರಿದಾಗ ವೋಲ್ಟೇಜ್ ಮೇಲೇಳುತ್ತದೆ, ಮತ್ತೆ ಚಾಲೂ ಆಗುತ್ತದೆ, ಮತ್ತೆ ಆರುತ್ತದೆ. ತಾಮ್ರದ ಲೇಪದೊಳಗೆ ಅಲ್ಯೂಮಿನಿಯಂ ಇರುವ ಅಗ್ಗದ ತಂತಿಯಾದರೆ ನಷ್ಟ ಇದರ ಒಂದೂವರೆ ಪಟ್ಟು. ಮೇಲಿನ ಪ್ಲಾಸ್ಟಿಕ್ ನೋಡಿ ಯಾವುದು ಯಾವುದೆಂದು ಹೇಳಲಾಗದು. ತುದಿ ಕೆರೆದು ಬೆಳ್ಳಗೆ ಕಂಡರೆ ಬಿಡಬೇಕು.

ರಿಪೇರಿ ಹುಡುಗರು ಬರುವುದು ಹಗಲು ಹನ್ನೊಂದಕ್ಕೆ. ಆಗ ಮಲ್ಟಿಮೀಟರ್ ಹಿಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಒಬ್ಬ ಜಾಣ ಹುಡುಗ ಮಾತ್ರ ಅಂಗೈಯಿಂದ ಕ್ಯಾಮೆರಾದ ಮುಖ ಪೂರ್ತಿ ಮುಚ್ಚಿ ಹಗಲಲ್ಲೇ ರಾತ್ರಿ ಮಾಡಿದ. ಒಳಗೆ ‘ಟಿಕ್’ ಎಂದು ಫಿಲ್ಟರ್ ಸರಿದ ಸದ್ದು, ಮರುಕ್ಷಣ ಪರದೆ ಕಪ್ಪು. ಅಡಾಪ್ಟರನ್ನು ಕ್ಯಾಮೆರಾದ ಬುಡಕ್ಕೇ ಒಯ್ದು ಅಲ್ಲೊಂದು ಪ್ಲಗ್ ಕೊಟ್ಟ. ಮುಗಿಯಿತು. ಮೊದಲೇ ಬಿಚ್ಚಿಟ್ಟ ಹಳೆಯ ಕ್ಯಾಮೆರಾ ಈಗಲೂ ಆ ಮನೆಯ ಕಪಾಟಿನಲ್ಲಿದೆ, ಏನೂ ಕೆಟ್ಟಿಲ್ಲ.

*

ಆ ‘ಟಿಕ್’ ಬಗ್ಗೆ. ಹಗಲು ಇನ್‌ಫ್ರಾರೆಡ್ ತಡೆಯುವ ಸಣ್ಣ ಗಾಜು ಅದು, ರಾತ್ರಿ ಪಕ್ಕಕ್ಕೆ ಸರಿಯುತ್ತದೆ. ಸರಿದದ್ದು ಬೆಳಿಗ್ಗೆ ವಾಪಸು ಬಾರದೆ ಸಿಕ್ಕಿಕೊಂಡರೆ ತೋಟವೆಲ್ಲ ಗುಲಾಬಿ ಬಣ್ಣ. ಲೆನ್ಸ್ ಒರೆಸಿ ಪ್ರಯೋಜನವಿಲ್ಲ.

ರಾತ್ರಿ ಇನ್ನೊಂದು ಚಮತ್ಕಾರ: ಕೆಲಸದವನ ಕಪ್ಪು ಟೀ ಶರ್ಟ್ ಪರದೆಯಲ್ಲಿ ಬಿಳಿ. ಎಷ್ಟೋ ಕಪ್ಪು ಬಣ್ಣದ ಬಟ್ಟೆಗಳು ಇನ್‌ಫ್ರಾರೆಡ್ ಬೆಳಕನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ‘ಬಿಳಿ ಅಂಗಿಯವನು’ ಎಂದು ಊರೆಲ್ಲ ಹುಡುಕುವ ಮುನ್ನ ಇದು ನೆನಪಿರಲಿ.

*

ಜೇಡ. ಲೆನ್ಸಿನ ಮುಂದೆ ಒಂದೇ ಎಳೆ ಕಟ್ಟಿದರೂ ಸಾಕು, ದೀಪದ ಬೆಳಕು ಅದಕ್ಕೇ ಬಡಿದು ಅಂಗಳ ಬಿಳಿ ಮಂಜಾಗುತ್ತದೆ. ಉದ್ದ ಕೋಲಿಗೆ ಬಟ್ಟೆ ಸುತ್ತಿಟ್ಟುಕೊಳ್ಳುವುದಕ್ಕಿಂತ ದೊಡ್ಡ ಉಪಾಯ ಯಾರೂ ಹೇಳಿಲ್ಲ.

*

ಕ್ಯಾಮೆರಾ ಕೊಳ್ಳಲು ಹೋದ ಭಟ್ಟರ ಜೊತೆ ಅಂಗಡಿಯಲ್ಲಿ ಕೇಳಿದ ಮಾತು: “ಇದು ತಗೊಳ್ಳಿ ಭಟ್ರೇ, ಇಡೀ ಅಂಗಳ ಒಂದೇ ಕ್ಯಾಮೆರಾದಲ್ಲಿ ಕವರ್ ಆಗ್ತದೆ.” ಭಟ್ಟರಿಗೆ ಖುಷಿ. ನನಗೆ ಸಂಶಯ ಶುರುವಾದದ್ದು ಇಲ್ಲಿಯೇ.

ಇಡೀ ಅಂಗಳ ಕಾಣುವುದು 2.8 ಮಿಲಿಮೀಟರ್ ಲೆನ್ಸಿನಲ್ಲಿ. ಅಗಲ ಕಾಣುತ್ತದೆ, ಹಾಗಾಗಿ ಮನುಷ್ಯ ಚಿಕ್ಕವನಾಗುತ್ತಾನೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಇದಕ್ಕೆ ಲೆಕ್ಕ ಕೊಟ್ಟಿತ್ತು. ಯಾರೋ ಇದ್ದಾರೆ ಎಂದು ತಿಳಿಯಲು ಮೀಟರಿಗೆ 25 ಪಿಕ್ಸೆಲ್ ಸಾಕು. ಪರಿಚಯದವನೇ ಎಂದು ಗುರುತಿಸಲು 125. ಗುರುತಿಲ್ಲದವನ ಮುಖವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹಿಡಿಯಲು 250. ಎರಡು ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರ್ ಚಿಲ್ಲರೆ. 2.8ರ ಲೆನ್ಸ್ ಅಷ್ಟು ಅಗಲವನ್ನು ಸುಮಾರು ನಾಲ್ಕು ಮೀಟರ್ ದೂರದಲ್ಲೇ ತುಂಬಿಬಿಡುತ್ತದೆ. ಅಂದರೆ ಗುರುತಿಲ್ಲದ ಕಳ್ಳ ಕ್ಯಾಮೆರಾದಿಂದ ಹತ್ತು ಹೆಜ್ಜೆ ಆಚೆ ನಿಂತರೆ ಅವನು ಬರೀ ‘ಯಾರೋ’. 6 ಮಿಲಿಮೀಟರ್ ಲೆನ್ಸಾದರೆ ಎಂಟು ಮೀಟರ್‌ವರೆಗೂ ಮುಖ ಸಿಗುತ್ತದೆ, ಆದರೆ ಅರ್ಧ ಅಂಗಳ ಕಾಣೆ.

ಆದ್ದರಿಂದ ಅಂಗಳಕ್ಕೊಂದು ಅಗಲದ್ದು, ದಣಪೆಯ ಬಳಿ ಎಲ್ಲರೂ ದಾಟಲೇಬೇಕಾದ ಜಾಗಕ್ಕೆ, ತಲೆಗಿಂತ ತುಸು ಎತ್ತರದಲ್ಲಿ, 6 ಮಿಲಿಮೀಟರಿನದೊಂದು. ಮಾಡಿನ ತುದಿಗೆ ಏರಿಸಿದರೆ ಟೋಪಿ ಚೆನ್ನಾಗಿ ಕಾಣುತ್ತದೆ. ಇದನ್ನು ಹೇಳಿದರೆ ಭಟ್ಟರು, “ಅದರಲ್ಲಿ ಅಡಿಕೆ ಕಾಣೂದಿಲ್ವಲ್ಲ ಮಾರಾಯ” ಎಂದರು. ಅಡಿಕೆಯನ್ನು ಅವರು ಮೊಬೈಲಿನಲ್ಲಿ ನೋಡುತ್ತಲೇ ಇರಬೇಕು. ಕಳ್ಳ ಎರಡನೆಯ ಮಾತು.

*

ಹಾರ್ಡ್‌ಡಿಸ್ಕಿನ ಲೆಕ್ಕ. ಸೆಕೆಂಡಿಗೆ 2 ಮೆಗಾಬಿಟ್ ಬರೆಯುವ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾ, ಒಂದು ಟಿಬಿ: ಹನ್ನೊಂದು ದಿನ, ಆಮೇಲೆ ಹಳೆಯದರ ಮೇಲೆ ಹೊಸದು. ಮೂಟೆ ತೂಕ ಹಾಕುವಾಗ ಕೊರತೆ ಗೊತ್ತಾಗುವುದು ತಿಂಗಳ ಮೇಲೆ. ಒಂದೇ ಸಮಯಕ್ಕೆ ನೂರು ಜನ ಸೇರುವ ಅಂಗಡಿ, ಕಲ್ಯಾಣಮಂಟಪಗಳಿಗೆ 2017ರ ಕರ್ನಾಟಕದ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ದೃಶ್ಯ ಇಟ್ಟುಕೊಳ್ಳಲು ಹೇಳುತ್ತದೆ. ಅಡಿಕೆ ಅಂಗಳಕ್ಕೆ ಕಾಯ್ದೆ ಅನ್ವಯಿಸದು, ಲೆಕ್ಕ ಅನ್ವಯಿಸುತ್ತದೆ.

ಇನ್ನೊಂದು: ಡಿವಿಆರ್ ಒಳಗಿನ ನಾಣ್ಯದಂಥ ಸೆಲ್ ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ಕಳ್ಳತನವಾದ ತಾರೀಕು ಒತ್ತಿದರೆ ಖಾಲಿ. ದೃಶ್ಯವೆಲ್ಲ 2000ದ ಜನವರಿ 1ರ ಕೆಳಗೆ ಸುಮ್ಮನೆ ಕೂತಿರುತ್ತದೆ.

*

ಏಪ್ರಿಲ್-ಮೇ ಗುಡುಗಿಗೆ ಊರವರೆಲ್ಲ ಡಿವಿಆರ್ ಪ್ಲಗ್ ಕೀಳುತ್ತಾರೆ, ಬಯಲಲ್ಲಿ ಎಳೆದ ಕೇಬಲ್ಲಿನ ಪಿನ್ನನ್ನೂ ಬಿಚ್ಚುತ್ತಾರೆ. ಸಿಡಿಲು ಕಂಬಕ್ಕೇ ಬೀಳಬೇಕೆಂದಿಲ್ಲ. ಹತ್ತಿರ ಬಿದ್ದರೂ ಉದ್ದ ತಂತಿಯಲ್ಲಿ ಏಳುವ ವೋಲ್ಟೇಜು ಪೆಟ್ಟಿಗೆ ಸುಡಲು ಸಾಕು. ಸರಿಯಾದ ಕೆಲಸವೇ. ಆದರೆ ಗುಡುಗಿದ ರಾತ್ರಿ ಯಾವ ಕ್ಯಾಮೆರಾವೂ ಇರುವುದಿಲ್ಲವೆಂಬುದು ಊರಿಗೆಲ್ಲ ಗೊತ್ತು.

*

2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಅಪಾಯ ಹಳೆಯದು: 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದುಕೊಂಡು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಕೆಡವಿತ್ತು. ಭಟ್ಟರ ಡಿವಿಆರ್ ಪಾಸ್‌ವರ್ಡ್ ಪೆಟ್ಟಿಗೆಯ ಮೇಲೇ ಸ್ಕೆಚ್ ಪೆನ್ನಿನಲ್ಲಿದೆ.

*

ಕೊನೆಗೊಂದು ಬಗೆಹರಿಯದ್ದು. ಮುಖ ಸಿಕ್ಕಿತು, ತಾರೀಕೂ ಸರಿ, ಪೆನ್‌ಡ್ರೈವ್‌ಗೆ ತೆಗೆದದ್ದೂ ಆಯಿತು ಎನ್ನೋಣ. ನ್ಯಾಯಾಲಯಕ್ಕೆ ಹೋಗಬೇಕಾದರೆ 2024ರ ಜುಲೈಯಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಜೊತೆಗೆ ಪ್ರಮಾಣಪತ್ರ ಬೇಕು. ಎರಡು ಭಾಗ: ಒಂದು ಸಾಕ್ಷ್ಯ ಹಾಜರುಪಡಿಸುವವರದು, ಇನ್ನೊಂದು ತಜ್ಞರದು, ಕಡತದ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಭಟ್ಟರು ಈ ಬರಹವನ್ನು ಇಲ್ಲಿಯವರೆಗೆ ಓದಿ ಕೇಳಿದರು: “ತಜ್ಞ ಅಂದ್ರೆ ಯಾರು, ಅಂಗೈಲಿ ಮುಚ್ಚಿ ನೋಡಿದ ಆ ಹುಡುಗನೋ?” ನಾನು ವಕೀಲರನ್ನು ಕೇಳಿ ಎಂದೆ.